ಖಳನಾಗಲು ಆಟಗಾರ ಯಾಕೆ ಒಪ್ಪಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಚಿಂತಾಮಣಿ ಕಡೆಯ ಮೂವರು ಗೆಳೆಯರು. ಹಗಲು ಕೆಲಸ, ರಾತ್ರಿ ಸೇರಿ ಒಂದು ಕಂಪ್ಯೂಟರ್ ಗೇಮ್ ಮಾಡ್ತಿದ್ದೀವಿ. ಮಳೆ ಕೈಕೊಟ್ಟ ಒಂದು ಊರು. ಆಟಗಾರನ ಹತ್ತಿರ ಒಂದು ಬೋರ್‌ವೆಲ್, ಒಂದು ಟ್ರ್ಯಾಕ್ಟರ್ ಟ್ಯಾಂಕರ್. ನೀರು ಮಾರಿ ಬದುಕೋ ಆ ಮನುಷ್ಯ ಕೊನೆಗೆ ಇಡೀ ಊರಿನ ನೀರನ್ನ ಮುಷ್ಟಿಯಲ್ಲಿಟ್ಟುಕೊಳ್ಳೋ ಖಳ ಆಗಬೇಕು, ಅದೂ ಆಟಗಾರನ ಕೈಯಿಂದಲೇ. ಹಾಸ್ಟೆಲ್ ಹುಡುಗರಿಗೆ ಆಡೋಕೆ ಕೊಟ್ಟೆವು. ಅರ್ಧ ಜನ ಕೊನೇವರೆಗೂ ಧರ್ಮರಾಯನ ಥರ ಆಡಿದರು. ಉಳಿದವರು ಮೊದಲ ದಿನವೇ ಎಲ್ಲ ಕೆಟ್ಟ ಬಟನ್ ಒತ್ತಿ ನಗ್ತಾ ಕೂತರು. ಒಬ್ಬ ಗೆಳೆಯ ಹೇಳಿದ ಅಂತ ನಾಯಕನಿಗೆ ದುಃಖದ ಹಿನ್ನೆಲೆ ಬರೆದೆವು: ಸಾಲಕ್ಕೆ ಅಪ್ಪನ ಸಾವು, ಊರ ಯಜಮಾನರಿಂದ ಅವಮಾನ. ನಾಲ್ಕು ನಿಮಿಷದ ಸೀನು, ಎಲ್ಲರೂ ಸ್ಕಿಪ್ ಮಾಡ್ತಾರೆ. ಇನ್ನೊಬ್ಬ ಹೇಳಿದ ಅಂತ ಕೆಟ್ಟ ಕೆಲಸಕ್ಕೆ ಡಬಲ್ ದುಡ್ಡು ಇಟ್ಟೆವು. ಈಗ ಎಲ್ಲರೂ ಕೆಟ್ಟದ್ದೇ ಮಾಡ್ತಾರೆ, ಆದರೆ ಯಾರಿಗೂ ಏನೂ ಅನ್ನಿಸ್ತಿಲ್ಲ. ಆಟಗಾರ ಮನಸಾರೆ ಖಳನಾಗೋ ಹಾಗೆ ಮಾಡೋದು ಹೇಗೆ? ಕೊನೇಲಿ ಅವನಿಗೆ ಶಿಕ್ಷೆ ಆಗಲೇಬೇಕಾ? ಮನೆಯಲ್ಲಿ "ಇಂಥ ಆಟ ಆಡಿ ಮಕ್ಕಳು ಕೆಡಲ್ವಾ? ನಮ್ಮ ಕಡೆ ಜನಾನ ಕೆಟ್ಟವರು ಅಂತ ತೋರಿಸಿದ ಹಾಗಾಗಲ್ವಾ?" ಅಂತ ಕೇಳ್ತಾರೆ. ಅದಕ್ಕೇನು ಹೇಳೋದು?

ಉತ್ತರ: ಪತ್ರದ ಜೊತೆ ಡೆಮೊ ಕೂಡ ಕಳಿಸಿದ್ದರಿಂದ ಆಡಿ ನೋಡಿಯೇ ಬರೆಯುತ್ತಿದ್ದೇನೆ. ನಿಮ್ಮ ಊರಿಗೆ ಜೀವ ಇದೆ. ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ತೋಟದ ಸ್ಟಾರ್ಟರ್ ಟಕ್ ಅನ್ನುತ್ತದೆ, ಎರಡು ಕ್ಷಣ ಬಿಟ್ಟು ಪೈಪಿನ ಬಾಯಲ್ಲಿ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆದವರಲ್ಲದೆ ಬೇರೆಯವರು ಅದನ್ನು ಬರೆಯಲಾರರು. ಇಂಥ ಊರು ಕಟ್ಟಿದವರಿಗೆ ಖಳನನ್ನು ಕಟ್ಟುವುದು ಕಷ್ಟವಾಗಬಾರದು. ಆಗಿದೆ ಅಂದರೆ ಎಲ್ಲೋ ಒಂದು ಕಡೆ ಮಾತ್ರ ಗಂಟು ಬಿದ್ದಿದೆ.

ನಿಮ್ಮ ಚಿಂತೆ ನನಗೆ ಅರ್ಥವಾಗಿರುವುದು ಹೀಗೆ. ಈಗ ನಿಮ್ಮ ಹತ್ತಿರ ಎರಡು ಥರದ ಆಟಗಾರರಿದ್ದಾರೆ: ಕೆಟ್ಟದ್ದನ್ನು ಮುಟ್ಟದವರು, ಕೆಟ್ಟದ್ದನ್ನು ತಮಾಷೆ ಮಾಡಿದವರು. ನಿಮಗೆ ಬೇಕಾಗಿರುವುದು ಮೂರನೆಯವನು. ತಪ್ಪು ಅಂತ ಗೊತ್ತಿದ್ದೂ "ಇವತ್ತೊಂದು ದಿನ, ನಾಳೆಯಿಂದ ಸರಿಮಾಡ್ತೀನಿ" ಅಂತ ತನಗೆ ತಾನೇ ಹೇಳಿಕೊಂಡು ಕೈ ಹಾಕುವವನು. ಅವನು ಇನ್ನೂ ಸಿಗದಿರುವುದಕ್ಕೆ ಕಾರಣ, ನೀವು ಕೆಟ್ಟತನದ ಕಾರಣವನ್ನು ಪಾತ್ರಕ್ಕೆ ಕೊಟ್ಟಿದ್ದೀರಿ, ಮೌಸ್ ಹಿಡಿದವನಿಗೆ ಕೊಟ್ಟಿಲ್ಲ.

ಹಾಸ್ಟೆಲ್ ಹುಡುಗರ ಬಗ್ಗೆ ಬೇಸರ ಬೇಡ. "ಅವಕಾಶ ಸಿಕ್ಕರೆ ಸಾಕು, ಆಟದಲ್ಲಿ ಎಲ್ಲರೂ ರಾಕ್ಷಸರಾಗುತ್ತಾರೆ" ಅನ್ನುವುದು ಗೇಮ್ ಮಾಡುವ ನಮ್ಮ ವೃತ್ತಿಯಲ್ಲೇ ಬೇರೂರಿರುವ ತಪ್ಪು ನಂಬಿಕೆ. ಮಾಸ್ ಎಫೆಕ್ಟ್ ಅನ್ನುವ ಗೇಮ್ ಸರಣಿಯಲ್ಲಿ ಸೌಜನ್ಯದ ದಾರಿ ಒಂದು, ಒರಟು ದಾರಿ ಒಂದು ಅಂತ ಎರಡನ್ನೂ ಬಹಳ ಖರ್ಚು ಮಾಡಿ ಕಟ್ಟಿದ್ದರು. ಅದರಲ್ಲಿ ಕೆಲಸ ಮಾಡಿದ್ದ ಒಬ್ಬ ವಿನ್ಯಾಸಕಾರ 2020ರಲ್ಲಿ ಹೇಳಿದ ಪ್ರಕಾರ ಸುಮಾರು 92 ಶೇಕಡಾ ಆಟಗಾರರು ಸೌಜನ್ಯದ ದಾರಿಯನ್ನೇ ಹಿಡಿದರು. ಬಣ್ಣದ ಗುಂಡಿ ತೋರಿಸಿ "ಇದು ಒಳ್ಳೆಯದು, ಇದು ಕೆಟ್ಟದ್ದು" ಅಂದರೆ ಬಹಳಷ್ಟು ಜನ ಒಳ್ಳೆಯದನ್ನೇ ಒತ್ತುತ್ತಾರೆ. ನಕ್ಕವರೂ ಬೇರೆಯವರೇನಲ್ಲ. ನಗುವುದು ಕೂಡ ಪಾತ್ರದಿಂದ ದೂರ ನಿಲ್ಲುವ ಒಂದು ರೀತಿ. "ಇದು ನಾನಲ್ಲ, ಸುಮ್ಮನೆ ನೋಡ್ತಿದ್ದೀನಿ" ಅಂತ ಅವರು ಹೇಳುತ್ತಿದ್ದಾರೆ.

ಈಗ ಹಿನ್ನೆಲೆಯ ಸೀನಿಗೆ ಬರೋಣ. ಅಪ್ಪನ ಸಾವನ್ನು ನೀವು ಚೆನ್ನಾಗಿಯೇ ಬರೆದಿದ್ದೀರಿ, ಆದರೆ ಆ ಅಪ್ಪನ ಜೊತೆ ಆಟಗಾರ ಒಂದು ದಿನವೂ ಬಾಳಿಲ್ಲ. ಅವನ ಕೈಯಿಂದ ಏನೂ ಹೋಗಿಲ್ಲ. ಸಿನಿಮಾದಲ್ಲಿ ನಡೆಯುತ್ತದೆ, ಅಲ್ಲಿ ನಾವು ಬೇರೆಯವರ ದುಃಖಕ್ಕೆ ಅಳಲೆಂದೇ ಹೋಗಿರುತ್ತೇವೆ. ಆಟದಲ್ಲಿ ಕೈ ತುರಿಸುತ್ತಿರುತ್ತದೆ, ಸೀನು ಅಡ್ಡ ಬಂದ ಹಾಗಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. "ಅವನಿಗೆ ಹಾಗಾಯಿತು, ಅದಕ್ಕೇ ಹೀಗಾದ" ಅಂತ ಮೊದಲೇ ಹೇಳಿಬಿಟ್ಟರೆ, ಮುಂದೆ ಮಾಡುವ ಎಲ್ಲ ಕೆಲಸಕ್ಕೂ ಮುಂಗಡವಾಗಿ ಮಾಫಿ ಸಿಕ್ಕಿದಂತೆ. ಮನಸ್ಸಿನ ಒಳಗೆ ನಡೆಯಬೇಕಾದ ಜಗ್ಗಾಟ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ.

2005ರ ಶ್ಯಾಡೋ ಆಫ್ ದಿ ಕೊಲಾಸಸ್ ಅನ್ನುವ ಆಟ ನೋಡಿ. ತೀರಿಕೊಂಡ ಒಬ್ಬ ಹುಡುಗಿಯನ್ನು ಬದುಕಿಸಲು ಒಬ್ಬ ಹುಡುಗ ಬೆಟ್ಟದಂಥ ಹದಿನಾರು ಜೀವಿಗಳನ್ನು ಕೊಲ್ಲಬೇಕು. ಆ ಹುಡುಗಿ ಯಾರು, ಅವನಿಗೇನಾಗಬೇಕು ಅನ್ನುವುದನ್ನು ಆಟ ಹೇಳುವುದೇ ಇಲ್ಲ ಅನ್ನಬಹುದು. ಕೆಲವು ಜೀವಿಗಳು ತಮ್ಮ ಪಾಡಿಗೆ ತಾವು ಇರುತ್ತವೆ, ನಾವೇ ಹೋಗಿ ಕೆಣಕಬೇಕು. ಆದರೂ ಆಟಗಾರ ನಿಲ್ಲಿಸುವುದಿಲ್ಲ. ಆ ಖಾಲಿ ನಾಡಿನಲ್ಲಿ ಕುದುರೆ ಹತ್ತಿ ಹೋಗಿ, ಏರಿ, ಬಿದ್ದು, ಮತ್ತೆ ಏರಿ ಪಟ್ಟ ಶ್ರಮವೇ ಅವನ ಕಾರಣವಾಗಿಬಿಟ್ಟಿರುತ್ತದೆ. ಒಂದೊಂದು ಕೊಲೆ ಆದ ಮೇಲೂ ಆ ಹುಡುಗನ ಮೈ ಕಳೆಗುಂದುತ್ತಾ ಹೋಗುತ್ತದೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಡಬಲ್ ದುಡ್ಡಿನ ಉಪಾಯ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದು ಇದಕ್ಕಿಂತ ಮುಖ್ಯ. ದುಡ್ಡು ಹೆಚ್ಚು ಕೊಟ್ಟ ಕೂಡಲೇ ಕೆಟ್ಟ ಕೆಲಸ ಒಂದು ವ್ಯಾಪಾರವಾಗುತ್ತದೆ. ಎರಡು ಬೆಲೆ ಇವೆ, ಲಾಭ ಇರುವ ಕಡೆ ಹೋಗುತ್ತಾರೆ, ಅಷ್ಟೇ. ಇದರ ತಿರುಗುಮುರುಗು ಕೂಡ ಆಗಿದೆ. 2007ರ ಬಯೋಶಾಕ್ ಆಟದಲ್ಲಿ ಪುಟ್ಟ ಹುಡುಗಿಯರನ್ನು ಬಲಿ ಕೊಟ್ಟರೆ 160 ಆ್ಯಡಮ್, ಉಳಿಸಿದರೆ 80. ಆ್ಯಡಮ್ ಅಂದರೆ ಆ ಲೋಕದಲ್ಲಿ ಶಕ್ತಿ ಕೊಳ್ಳುವ ನಾಣ್ಯ. ಕೇಳಿದರೆ ಭಾರಿ ಪ್ರಲೋಭನೆ ಅನ್ನಿಸುತ್ತದೆ. ಆದರೆ ಮೂವರನ್ನು ಉಳಿಸಿದಾಗ 200ರ ಒಂದು ಉಡುಗೊರೆ ಬರುತ್ತದೆ. ಮೂವರ ಬಲಿಗೆ 480, ಮೂವರ ಉಳಿವಿಗೆ 440, ಮೇಲೆ ಉಡುಗೊರೆಯ ಜೊತೆ ಬೇರೆ ಸಾಮಾನೂ ಸಿಗುತ್ತದೆ. ಅಂದಮೇಲೆ ತ್ಯಾಗ ಎಲ್ಲಿ ಬಂತು? ಒಳ್ಳೆಯವನಾಗುವುದಕ್ಕೆ ನಿಜವಾಗಿ ಏನೂ ಕಳೆದುಕೊಳ್ಳಬೇಕಾಗಿಲ್ಲದಿದ್ದರೆ ಕೆಟ್ಟವನಾಗಲು ಆಟಗಾರನಿಗೆ ಕಾರಣವೇ ಇರುವುದಿಲ್ಲ.

ಲಾಭದ ಆಸೆ ಬೇರೆ, ಕೊರತೆಯ ಭಯ ಬೇರೆ. ನನ್ನ ಅನುಭವದಲ್ಲಿ ಆಟಗಾರರು ಹತ್ತು ರೂಪಾಯಿ ಗಳಿಸಲು ಮಾಡದ ಕೆಲಸವನ್ನು, ಕೈಯಲ್ಲಿರುವ ಹತ್ತು ರೂಪಾಯಿ ಹೋಗುತ್ತದೆ ಅಂದಾಗ ಮಾಡುತ್ತಾರೆ. ಇದನ್ನು 2013ರ ಪೇಪರ್ಸ್, ಪ್ಲೀಸ್ ಅನ್ನುವ ಆಟದಷ್ಟು ಚೆನ್ನಾಗಿ ಹಿಡಿದದ್ದು ನಾನು ಇನ್ನೊಂದು ನೋಡಿಲ್ಲ. ಮಾಡಿದವರು ಲೂಕಸ್ ಪೋಪ್, ಹೆಚ್ಚುಕಡಿಮೆ ಒಬ್ಬರೇ ಕೂತು. ನಿಮ್ಮ ಮೂವರ ತಂಡಕ್ಕೆ ಅದೊಂದು ಧೈರ್ಯ. ನೀವು ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಗುಮಾಸ್ತ. ಒಬ್ಬರ ಕಾಗದ ನೋಡಿ ಮುಗಿಸಿದರೆ 5 ಕ್ರೆಡಿಟ್. ದಿನಕ್ಕೆ ಇಷ್ಟೇ ಹೊತ್ತು. ರಾತ್ರಿ ಒಂದು ಪುಟ ಬರುತ್ತದೆ: ಬಾಡಿಗೆ, ಊಟ, ಚಳಿಗೆ ಹೀಟಿಂಗ್, ಮಗನಿಗೋ ಅತ್ತೆಗೋ ಹುಷಾರಿಲ್ಲದಿದ್ದರೆ ಔಷಧಿ. ದಿನಕ್ಕೆ ಮೊದಲ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ಒಂದು ದಿನ ಒಬ್ಬ ಗಾರ್ಡ್ ಬಂದು, ಕಾಗದ ಸರಿಯಿಲ್ಲದವರನ್ನು ವಾಪಸ್ ಕಳಿಸುವ ಬದಲು ಬಂಧಿಸಿದರೆ ನನಗೆ ಬೋನಸ್ ಬರುತ್ತದೆ, ನಿನಗೂ ಪಾಲು ಕೊಡ್ತೀನಿ ಅನ್ನುತ್ತಾನೆ. ಅಷ್ಟೇ. ಭಾಷಣ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಕೈಯಲ್ಲಿರುವುದು ಸರ್ಕಾರವೇ ಕೊಟ್ಟ ಬಂಧನದ ಗುಂಡಿ. ಮನೆಯಲ್ಲಿ ಮಗನಿಗೆ ಜ್ವರ. ಎದುರಿಗೆ ನಿಂತವಳ ಕಾಗದದಲ್ಲಿ ಸಣ್ಣ ತಪ್ಪು. ನಾನು ಆ ಗುಂಡಿ ಒತ್ತಿದ್ದೇನೆ, ನೀವೂ ಒತ್ತುತ್ತೀರಿ.

ಇದನ್ನು ನಿಮ್ಮ ಟ್ಯಾಂಕರ್‌ಗೆ ಇಳಿಸೋಣ. ಸಂಖ್ಯೆಗಳು ಆಟಕ್ಕೆ ಹೊಂದುವಂಥವು, ಬೇಕಾದಂತೆ ಬದಲಿಸಿಕೊಳ್ಳಿ. ರಾತ್ರಿ ಆರು ಗಂಟೆ ಹೊತ್ತು ಇರುವ ಕರೆಂಟಿನಲ್ಲಿ ಬೋರ್‌ವೆಲ್ 25,000 ಲೀಟರ್ ಎತ್ತುತ್ತದೆ ಅಂದುಕೊಳ್ಳಿ. 5,000 ಲೀಟರಿನ ಐದು ಲೋಡು. ಲೋಡಿಗೆ 600ರಂತೆ ದಿನಕ್ಕೆ 3,000. ಖರ್ಚು: ಡ್ರೈವರ್ 700, ಡೀಸೆಲ್ 900, ಟ್ರ್ಯಾಕ್ಟರ್ ಸಾಲದ ಕಂತಿಗೆ ತೆಗೆದಿಡುವುದು 1,000, ಮನೆಗೆ 500. ಒಟ್ಟು 3,100. ದಿನಕ್ಕೆ ನೂರು ರೂಪಾಯಿ ಕಡಿಮೆ. ಇದೇ ನಿಮ್ಮ ಆಟದ ಎಂಜಿನ್. ನೂರು ದೊಡ್ಡ ಮೊತ್ತವಲ್ಲ, ಯಾರೂ ಅದಕ್ಕಾಗಿ ಊರು ಹಾಳುಮಾಡುವುದಿಲ್ಲ. ಆದರೆ ಅದು ದಿನಾ ಬರುತ್ತದೆ, ಮೊದಲ ವಾರ ಮುಗಿಯುವಷ್ಟರಲ್ಲಿ ಆಟಗಾರ ಟೀ ಅಂಗಡಿಯಲ್ಲಿ ಲೆಕ್ಕ ಬರೆಸುತ್ತಿರುತ್ತಾನೆ.

ಈಗ ಮೊದಲ ಸಣ್ಣ ಬಾಗಿಲು. ಟ್ಯಾಂಕರ್ ತುಂಬುವಾಗ ವಾಲ್ವ್ ಸ್ವಲ್ಪ ಮೊದಲೇ ಮುಚ್ಚಬಹುದು. 5,000ದ ಬದಲು 4,500. ಐದು ಲೋಡಿನಲ್ಲಿ 2,500 ಲೀಟರ್ ಉಳಿಯುತ್ತದೆ, ಎರಡು ದಿನಕ್ಕೊಂದು ಹೆಚ್ಚಿನ ಲೋಡು. ಡೀಸೆಲ್ ಕಳೆದು ದಿನಕ್ಕೆ ಇನ್ನೂರರ ಹತ್ತಿರ. ನೂರರ ತೂತು ಮುಚ್ಚಿ ಇನ್ನೂ ನೂರು ಮಿಗುತ್ತದೆ. ಯಾರಿಗೆ ಮೋಸ? ಸಂಪು ತುಂಬಿತಾ ಅಂತ ಇಣುಕುವವರು ಎಷ್ಟು ಜನ? ಇಲ್ಲಿ ಆಯ್ಕೆಯ ಪರದೆ ತೋರಿಸಬೇಡಿ. ವಾಲ್ವ್ ತಿರುಗಿಸುವುದು ಆಟಗಾರ ದಿನಾ ಮಾಡುವ ಕೆಲಸ. ಆ ಕೆಲಸದೊಳಗೇ ತಪ್ಪು ಮಾಡುವ ಜಾಗ ಇರಲಿ. ಮೊದಲ ಸಲ ಕೈ ತಪ್ಪಿಯೇ ಕಡಿಮೆ ತುಂಬಿಸಿ, ಯಾರೂ ಕೇಳಲಿಲ್ಲ ಅಂತ ಅವನಿಗೇ ಗೊತ್ತಾದರೆ ಇನ್ನೂ ಒಳ್ಳೆಯದು. ನಿಮ್ಮ ಡೆಮೊದಲ್ಲಿ ಈ ಜಾಗದಲ್ಲಿ "ಜನರಿಗೆ ಮೋಸ ಮಾಡು" ಅನ್ನುವ ಗುಂಡಿ ಇದೆ. ದಯವಿಟ್ಟು ತೆಗೆಯಿರಿ. ಆಲ್ಬರ್ಟ್ ಬಂಡೂರ ಅನ್ನುವ ಮನೋವಿಜ್ಞಾನಿ ಮನುಷ್ಯರು ತಮ್ಮ ಆತ್ಮಸಾಕ್ಷಿಯನ್ನು ಹೇಗೆ ಬದಿಗಿಡುತ್ತಾರೆ ಅನ್ನುವುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. ಅವರು ಗುರುತಿಸಿದ ದಾರಿಗಳು: ಕೆಲಸಕ್ಕೆ ಮೆತ್ತನೆಯ ಹೆಸರಿಡುವುದು, ಮೇಲಿನವರು ಹೇಳಿದ್ದು ಅನ್ನುವುದು, ಎಲ್ಲರೂ ಮಾಡುತ್ತಾರೆ ಅನ್ನುವುದು, ಅವರು ನನಗಿಂತ ದೊಡ್ಡ ಕಳ್ಳರು ಅನ್ನುವುದು, ಅನುಭವಿಸುವವರದೇ ತಪ್ಪು ಅನ್ನುವುದು. ಇವೆಲ್ಲ ನಮ್ಮ ಸಂತೆಯಲ್ಲಿ ದಿನಾ ಕೇಳುವ ಮಾತುಗಳೇ. "ಅಡ್ಜಸ್ಟ್‌ಮೆಂಟು", "ಕಾಫಿ ಕಾಸು", "ಮಾಮೂಲು", "ನಾನು ಬಿಟ್ಟರೆ ಇನ್ನೊಬ್ಬ ಮಾಡ್ತಾನೆ." ನಿಮ್ಮ ಡ್ರೈವರ್ ಬಾಯಲ್ಲಿ, ಲೈನ್‌ಮ್ಯಾನ್ ಬಾಯಲ್ಲಿ ಈ ಮಾತುಗಳನ್ನು ಇಡಿ. ಆಟಗಾರ ಅವುಗಳನ್ನು ಎತ್ತಿಕೊಳ್ಳುತ್ತಾನೆ.

ಎರಡನೆಯ ಬಾಗಿಲು: ಮದುವೆ ಮನೆಯವರು ಲೋಡಿಗೆ 1,200 ಕೊಡ್ತೀವಿ ಅನ್ನುತ್ತಾರೆ, ಆದರೆ ಅವತ್ತು ಅಂಗನವಾಡಿಯ ಸರದಿ. ಮೂರನೆಯದು: ಲೈನ್‌ಮ್ಯಾನ್‌ಗೆ ಸ್ವಲ್ಪ ಕೊಟ್ಟರೆ ಕರೆಂಟು ಒಂದು ಗಂಟೆ ಹೆಚ್ಚು. ನಾಲ್ಕನೆಯದು: ಮೋಟರ್ ಸುಡುತ್ತದೆ, ರಿವೈಂಡಿಂಗ್‌ಗೆ ಕೈಸಾಲ, ಸಾಲ ಕೊಟ್ಟವನು "ಬಡ್ಡಿ ಬೇಡ, ಪಕ್ಕದ ಸರ್ವೆ ನಂಬರಿನಲ್ಲಿ ಇನ್ನೊಂದು ಬೋರ್ ಹಾಕೋಣ, ನಿನ್ನ ಹೆಸರು, ನನ್ನ ದುಡ್ಡು" ಅನ್ನುತ್ತಾನೆ. ಐದನೆಯದು: ಪಂಚಾಯ್ತಿ ನಲ್ಲಿ ಸರಿಯಾಗಿ ಬಂದರೆ ನಿಮ್ಮ ಎರಡು ಬೋರಿನ ಸಾಲ ತೀರುವುದಿಲ್ಲ. ನೀರಗಂಟಿ ನಿಮಗೆ ಪರಿಚಯದವನೇ. ಇಲ್ಲಿಗೆ ನಿಮ್ಮ ಆಟಗಾರ ಊರಿನ ನಲ್ಲಿ ನಿಲ್ಲಿಸುವ ಮಾತಿಗೆ ಬಂದು ನಿಂತಿದ್ದಾನೆ. ಮೊದಲ ದಿನ ಇದನ್ನೇ ಕೇಳಿದ್ದರೆ ಅವನು ಇಲ್ಲ ಅನ್ನುತ್ತಿದ್ದ, ಇಲ್ಲವೇ ನಗುತ್ತಿದ್ದ.

ಮೆಟ್ಟಿಲು ಎಷ್ಟು ಚಿಕ್ಕದಿರಬೇಕು ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಪ್ರಯೋಗಗಳದ್ದು. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಾಕ್ ಕೊಡಬೇಕು (ಶಾಕ್ ನಿಜವಲ್ಲ, ಕೊಡುವವರಿಗೆ ಅದು ಗೊತ್ತಿಲ್ಲ). 40 ಜನರ ಮೊದಲ ಗುಂಪಿನಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಹೋದರು. ಎಲ್ಲರೂ ಈ ಅಂಕಿಯನ್ನೇ ಹೇಳುತ್ತಾರೆ. ಗೇಮ್ ಮಾಡುವವರು ನೋಡಬೇಕಾದದ್ದು ಇನ್ನೊಂದನ್ನು: ಸ್ವಿಚ್‌ಗಳು 15 ವೋಲ್ಟ್‌ನಿಂದ ಶುರುವಾಗಿ 15ರಂತೆ ಏರುತ್ತಿದ್ದವು, ಒಟ್ಟು ಮೂವತ್ತು. 150 ಕೊಟ್ಟವನಿಗೆ 165 ಯಾಕೆ ಬೇಡ ಅನ್ನಲು ಕಾರಣ ಸಿಗುವುದಿಲ್ಲ. ನಿಮ್ಮ ಡೆಮೊದಲ್ಲಿ ಮೊದಲ ಸ್ವಿಚ್ಚೇ ಮುನ್ನೂರು ವೋಲ್ಟಿನದು.

ಈ ದಾರಿಯಲ್ಲೂ ಅಪಾಯ ಇದೆ. ಲೆಕ್ಕ ಜಾಸ್ತಿಯಾದರೆ ಆಟಗಾರ ಅಂಗನವಾಡಿಯನ್ನೂ ಒಂದು ಕಾಲಂ ಅಂತ ನೋಡಲು ಶುರು ಮಾಡುತ್ತಾನೆ, ಆಗ ಮತ್ತೆ ನಿಮ್ಮ "ಏನೂ ಅನ್ನಿಸ್ತಿಲ್ಲ" ಅನ್ನುವ ಜಾಗಕ್ಕೇ ಬಂದಿರುತ್ತೀರಿ. ಅದಕ್ಕೇ ನೀರು ಕಡಿಮೆ ಬಿದ್ದ ಮನೆ ಕಣ್ಣಿಗೆ ಕಾಣಬೇಕು. ಅಳು ಬೇಡ, ಶಾಪ ಬೇಡ. ಟೀಚರಮ್ಮ ಮಕ್ಕಳ ತಟ್ಟೆಯನ್ನು ನೀರಲ್ಲಿ ತೊಳೆಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ, ನೀವು ಟ್ರ್ಯಾಕ್ಟರ್‌ನಲ್ಲಿ ಹಾದುಹೋಗುವಾಗ ತಲೆಯೆತ್ತಿ "ಬಂದ್ರಾ ಅಣ್ಣಾ" ಅಂತಾರೆ. ಇಷ್ಟು ಸಾಕು. ಅವರು ಬೈದರೆ ಆಟಗಾರ ತಿರುಗಿ ಬೈಯುತ್ತಾನೆ, ಆಗ ಅವನಿಗೆ ಹಗುರಾಗುತ್ತದೆ. ಹಗುರಾಗಲು ಬಿಡಬೇಡಿ.

ಇನ್ನು ನಾನು ನಿಮಗೆ ಮನಸ್ಸಿಟ್ಟು ಹೇಳಬೇಕೆಂದಿರುವ ಮಾತು. ನಮ್ಮ ತುಮಕೂರು ಜಿಲ್ಲೆಯ ಊರುಗಳಲ್ಲಿ ಪೌರಾಣಿಕ ನಾಟಕ ಆಡಿಸುವುದನ್ನು ನೀವು ನೋಡಿರುತ್ತೀರಿ, ನಿಮ್ಮ ಕಡೆಯೂ ಇದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ, ಪಾತ್ರಧಾರಿಗಳೇ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಹಾಕುತ್ತಾರೆ. ಮಹಾಭಾರತದ ಪ್ರಸಂಗವಾದರೆ ದುರ್ಯೋಧನನ ಪಾತ್ರಕ್ಕೆ ಪೈಪೋಟಿ. ರೈತರು, ಮೇಷ್ಟ್ರುಗಳು, ಕಂಟ್ರಾಕ್ಟರುಗಳು ಹೆಚ್ಚು ದುಡ್ಡು ಕೊಟ್ಟು ಖಳನ ಪಾತ್ರ ಹಿಡಿಯುತ್ತಾರೆ. ಊರವರೆಲ್ಲ ಕೂತಿರುವಾಗ, ಹೆಂಡತಿ ಮಕ್ಕಳ ಎದುರಿಗೆ, ಕಿರೀಟ ಗದೆ ಹೊತ್ತು ಖಳನಾಗುತ್ತಾರೆ, ಮೆಚ್ಚಿದವರು ನೋಟಿನ ಹಾರ ಹಾಕುತ್ತಾರೆ. ಧರ್ಮರಾಯನ ಪಾತ್ರಕ್ಕೆ ಇಷ್ಟು ಗಲಾಟೆ ಇರುವುದನ್ನು ನಾನು ಕಂಡಿಲ್ಲ.

ಯಾಕೆ? ದುರ್ಯೋಧನನಿಗೆ ಅಲ್ಲಿ ಪ್ರವೇಶ ಇದೆ, ಕಂದಪದ್ಯ ಇದೆ, ತನ್ನ ನ್ಯಾಯವನ್ನು ಎದೆ ತಟ್ಟಿ ಹೇಳುವ ಅವಕಾಶ ಇದೆ. ಹಿರಿಯ ಮಗನ ಮಗ ನಾನು, ಕುರುಡ ಅಂತ ಅಪ್ಪನನ್ನು ಬದಿಗಿಟ್ಟಿರಿ, ನನ್ನನ್ನೂ ಇಡುತ್ತೀರಾ ಅನ್ನುವ ಪ್ರಶ್ನೆಗೆ ಸಭೆಯಲ್ಲಿ ಕೂತವರು ಒಂದು ಕ್ಷಣ ಹೌದಲ್ಲ ಅನ್ನುತ್ತಾರೆ. ಅದಕ್ಕಿಂತ ದೊಡ್ಡದಾಗಿ, ಅವನನ್ನು ಪ್ರೀತಿಸುವವರು ರಂಗದ ಮೇಲಿದ್ದಾರೆ. ಸೂತಪುತ್ರ ಅಂತ ಎಲ್ಲರೂ ಹೀಗಳೆದವನನ್ನು ಅಂಗರಾಜ ಮಾಡಿದವನು ಅವನೇ. ಕರ್ಣ ಇದ್ದಾನೆ ಅಂದಮೇಲೆ ದುರ್ಯೋಧನ ಬರೀ ಕೆಟ್ಟವನಾಗಿರಲು ಸಾಧ್ಯವೇ ಇಲ್ಲ. ಆ ಪಾತ್ರ ಹಾಕಿದವನು ಮಾರನೆಯ ದಿನ ದ್ರೌಪದಿಯ ಸೀರೆ ಎಳೆದದ್ದು ಸರಿ ಅನ್ನುವುದಿಲ್ಲ. ರಾತ್ರಿಯೆಲ್ಲ ಅವನು ಆ ಮನುಷ್ಯನ ಛಲದೊಳಗೆ ನಿಂತಿದ್ದ, ಅಷ್ಟೇ.

ನಿಮ್ಮ ಟ್ಯಾಂಕರ್ ಮಾಲೀಕನಿಗೆ ಕರ್ಣ ಇಲ್ಲ. ಅವನನ್ನು ನಂಬಿಕೊಂಡ ಒಬ್ಬನನ್ನು ಕೊಡಿ. ಬೇರೆ ಯಾರೂ ಕೆಲಸ ಕೊಡದ ಹುಡುಗ, ಆಟಗಾರನೇ ಡ್ರೈವಿಂಗ್ ಕಲಿಸಿದವನು, ಅವನ ತಂಗಿಯ ಕಾಲೇಜು ಫೀಸು ಈ ಟ್ಯಾಂಕರ್‌ನಿಂದಲೇ ಹೋಗುತ್ತಿರಲಿ. ವ್ಯಾಪಾರ ಮುಚ್ಚಿದರೆ ಅವನಿಗೂ ಇಲ್ಲ. ಆಗ ಆಟಗಾರ ತನಗಾಗಿ ಮಾಡದ ಕೆಲಸವನ್ನು ಆ ಹುಡುಗನಿಗಾಗಿ ಮಾಡುತ್ತಾನೆ. ಇಲ್ಲಿ ಎಚ್ಚರಿಕೆ: ಆ ಹುಡುಗನನ್ನು ಕಣ್ಣೀರಿನ ಬೊಂಬೆ ಮಾಡಬೇಡಿ. ಅವನಿಗೂ ಸೋಮಾರಿತನ, ಹರಟೆ, ಟ್ರ್ಯಾಕ್ಟರ್‌ಗೆ ಜೋರಾಗಿ ಹಾಡು ಹಾಕುವ ಚಟ ಎಲ್ಲ ಇರಲಿ. ಮತ್ತೆ, ಕೆಟ್ಟ ದಾರಿ ಹಿಡಿದ ಕೂಡಲೇ ಅವನು ಬಿಟ್ಟುಹೋಗುವ ಹಾಗೆ ಮಾಡಬೇಡಿ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ನಿರಾಶ್ರಿತರ ಶಿಬಿರದ ಮೇಲೆ ದಾಳಿ ಮಾಡಿದರೆ ಒಳ್ಳೆಯ ಜೊತೆಗಾರರು ಕೈತಪ್ಪಿ ಹೋಗುತ್ತಾರೆ. ಅದು ನ್ಯಾಯವೇ. ಆದರೆ ಕತೆ ಕಡಿಮೆ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಜನ ಆ ದಾರಿಗೆ ಹೋಗುವುದಿಲ್ಲ. ಖಳನ ದಾರಿಯಲ್ಲೂ ಜನ ತುಂಬಿರಬೇಕು.

ಊರು ಅವನನ್ನು ನೋಡುವ ರೀತಿಯೂ ಹಾಗೆಯೇ. ಹಳೆಯ ಆಟಗಳಲ್ಲಿ ಕೆಟ್ಟವನಾದರೆ ತಲೆ ಮೇಲೆ ಕೊಂಬು ಬರುತ್ತಿತ್ತು, ಮುಖ ಬಿಳುಚಿ ನರ ಎದ್ದು ಕಾಣುತ್ತಿತ್ತು. 2004ರ ಫೇಬಲ್‌ನಲ್ಲಿ ನಿಜವಾಗಿಯೂ ಕೊಂಬು ಬೆಳೆಯುತ್ತದೆ. ನಮ್ಮ ಊರುಗಳಲ್ಲಿ ನೀರು ಹಿಡಿದವನಿಗೆ ಏನು ಬೆಳೆಯುತ್ತದೆ? ಮರ್ಯಾದೆ. ಮೊದಲು "ಏನಪ್ಪಾ ಟ್ಯಾಂಕರು" ಅಂತಿದ್ದವರು "ಅಣ್ಣಾ" ಅನ್ನುತ್ತಾರೆ, ಆಮೇಲೆ "ಸಾಹುಕಾರ್ರೇ." ಗಂಗಮ್ಮನ ಜಾತ್ರೆಗೆ ಚಂದಾ ಪುಸ್ತಕ ಮೊದಲು ಇವನ ಮನೆಗೇ ಬರುತ್ತದೆ. ಸ್ಕೂಲ್ ಡೇಗೆ ಶಾಲು, ಹಣ್ಣಿನ ತಟ್ಟೆ. ಇದನ್ನು ಆಟಗಾರನಿಗೆ ಕೊಡಿ. ಜನ ತನಗೆ ಕೈಮುಗಿಯುತ್ತಿದ್ದಾರೆ ಅಂದರೆ ತಾನು ಕೆಟ್ಟವನಿರಲಾರೆ ಅಂತ ಅವನು ನಂಬುತ್ತಾನೆ. ಅದೇ ಶಾಲು ಹೊದಿಸುವ ಸಭೆಯಲ್ಲಿ ಆ ಅಂಗನವಾಡಿ ಟೀಚರೂ ಚಪ್ಪಾಳೆ ತಟ್ಟುತ್ತಿರಲಿ. ಅವರು ತಟ್ಟದೆ ಇರಲು ಸಾಧ್ಯವಿಲ್ಲ ಅನ್ನುವುದು ಆಟಗಾರನಿಗೆ ಅಲ್ಲಿ ಹೊಳೆಯಬೇಕು.

ಬೇರೆ ಎರಡು ದಾರಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಅವು ಒಗ್ಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಒಂದು, ಆಟಗಾರನಿಗೆ ಪೂರ್ತಿ ವಿಷಯ ತಿಳಿಸದೆ ಕೆಲಸ ಮಾಡಿಸಿ ಆಮೇಲೆ ಬಯಲು ಮಾಡುವುದು. ಬ್ರೆಂಡಾ ರೊಮೆರೊ 2009ರಲ್ಲಿ ಮಾಡಿದ ಟ್ರೇನ್ ಅನ್ನುವ ಬೋರ್ಡ್ ಗೇಮ್‌ನಲ್ಲಿ ಹಳದಿ ಬೊಂಬೆಗಳನ್ನು ರೈಲಿನ ಡಬ್ಬಿಗೆ ತುಂಬಿ ಊರು ಮುಟ್ಟಿಸಬೇಕು. ಮುಟ್ಟಿಸಿ ಕಾರ್ಡ್ ತಿರುಗಿಸಿದರೆ ಆ ಊರು ಆಶ್ವಿಟ್ಜ್‌ನಂಥದ್ದು, ನಾಜಿಗಳು ಯಹೂದಿಗಳನ್ನು ಕೊಂದ ಶಿಬಿರ. ಮೈ ನಡುಗಿಸುವ ವಿನ್ಯಾಸ, ಆದರೆ ಒಂದೇ ಸಲ ನಡೆಯುವಂಥದ್ದು. ಎರಡು, ಬೇರೆ ದಾರಿಯೇ ಇಲ್ಲದಂತೆ ಮಾಡಿ ಆಮೇಲೆ ಬೈಯುವುದು. 2012ರ ಸ್ಪೆಕ್ ಆಪ್ಸ್: ದಿ ಲೈನ್‌ನಲ್ಲಿ ರಂಜಕದ ಬಾಂಬ್ ಹಾಕದೆ ಮುಂದೆ ಹೋಗಲು ಆಗುವುದೇ ಇಲ್ಲ, ಹಾಕಿದ ಮೇಲೆ ಸತ್ತವರು ನಾಗರಿಕರು ಅಂತ ತೋರಿಸುತ್ತಾರೆ. ಕೆಲವರನ್ನು ಅದು ಆಳವಾಗಿ ತಟ್ಟಿತು, ಬಹಳ ಜನ "ನೀವೇ ಮಾಡಿಸಿ ನನ್ನನ್ನೇ ಕೇಳ್ತೀರಾ" ಅಂದರು. ನಿಮ್ಮ ಆಟದಲ್ಲಿ ಪ್ರತಿ ಬಾಗಿಲಲ್ಲೂ ಒಲ್ಲೆ ಅನ್ನಲು ದಾರಿ ಇರಲೇಬೇಕು, ಆ ದಾರಿ ನಿಜವಾಗಿಯೂ ಕಷ್ಟದ್ದಾಗಿರಬೇಕು. ಟ್ರ್ಯಾಕ್ಟರ್ ಮಾರಿ ಬೆಂಗಳೂರಿಗೆ ಕೂಲಿಗೆ ಹೋಗುವ ಕೊನೆಯೂ ಒಂದು ಪೂರ್ತಿ ಕೊನೆಯಾಗಿರಲಿ.

ಶಿಕ್ಷೆಯ ಪ್ರಶ್ನೆ. ಕೊನೆಯ ಅಧ್ಯಾಯದಲ್ಲಿ ಪೊಲೀಸ್ ಜೀಪು ಬಂದರೆ ಅದು ಬರೆದವರ ನೆಮ್ಮದಿಗೆ ಬಂದದ್ದು. 2018ರ ಫ್ರಾಸ್ಟ್‌ಪಂಕ್‌ನಲ್ಲಿ ಹಿಮದ ನಡುವೆ ಒಂದು ನಗರ ಉಳಿಸಿಕೊಳ್ಳಬೇಕು. ಮಕ್ಕಳನ್ನು ಕೆಲಸಕ್ಕೆ ಹಚ್ಚುವ ಕಾನೂನಿಗೂ ನೀವೇ ಸಹಿ ಹಾಕಬಹುದು, ಹಾಕಿದ ಸಹಿ ವಾಪಸ್ ಪಡೆಯಲಾಗುವುದಿಲ್ಲ. ಮಿತಿ ಮೀರಿ ಹೋಗಿದ್ದರೆ ಕೊನೆಗೆ ನಗರ ಉಳಿಯಿತು ಅಂತ ಹೇಳಿ, ಇಷ್ಟಕ್ಕೆ ಇದೆಲ್ಲ ಬೇಕಿತ್ತಾ ಅಂತ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ನಿಮಗೆ ಅದೂ ಬೇಕಾಗಿಲ್ಲ, ನಿಮ್ಮ ಹತ್ತಿರ ನೆಲವೇ ಇದೆ. ನಮ್ಮ ಕಡೆಯದು ಗಟ್ಟಿ ಕಲ್ಲಿನ ನೆಲ, ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಒಂದೇ ಬಿರುಕಿಗೆ ಬಿದ್ದ ಎರಡು ಬೋರ್‌ಗಳಲ್ಲಿ ಆಳದ್ದು ಎಳೆದರೆ ಮೇಲಿನದು ಒಣಗುತ್ತದೆ. ಸಾವಿರ ಅಡಿ ದಾಟಿದ ಬೋರ್‌ಗಳು ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ಹೊಸದೇನಲ್ಲ. ಆಟಗಾರ ಆಳಕ್ಕೆ ಹೋದಷ್ಟೂ ಅಕ್ಕಪಕ್ಕದವರ ಬೋರ್ ನಿಲ್ಲುತ್ತವೆ, ನಿಂತವರು ಇವನ ಗಿರಾಕಿಗಳಾಗುತ್ತಾರೆ, ಗಿರಾಕಿ ಹೆಚ್ಚಿದಷ್ಟೂ ಇವನು ಹೆಚ್ಚು ಎತ್ತುತ್ತಾನೆ. ಒಂದು ರಾತ್ರಿ ಇವನ ಪೈಪಿನಲ್ಲೂ ಗಾಳಿ ಮಾತ್ರ ಬರಬಹುದು, ಬಾರದೆಯೂ ಇರಬಹುದು. ಮಳೆ ಎಷ್ಟಾಯಿತು ಅನ್ನುವುದರ ಮೇಲೆ ಬಿಡಿ. ಎಷ್ಟೋ ಖಳರು ನಿಜ ಜೀವನದಲ್ಲಿ ಗೆದ್ದೇ ಹೋಗುತ್ತಾರೆ, ನಿಮ್ಮ ಆಟದಲ್ಲೂ ಕೆಲವರು ಗೆಲ್ಲಲಿ.

ಮನೆಯವರ ಮಾತಿಗೆ ಬರುತ್ತೇನೆ. ಹಿಂಸೆಯ ಆಟ ಆಡಿದವರು ನಿಜ ಜೀವನದಲ್ಲಿ ಹಿಂಸಾಚಾರಕ್ಕೆ ಇಳಿಯುತ್ತಾರೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೂಗಾಟ, ತಳ್ಳಾಟದಂಥ ವರ್ತನೆಯ ಜೊತೆ ಸಣ್ಣ ನಂಟು ಕಾಣುತ್ತದೆ ಅಂತಲೂ ಹೇಳಿದೆ, ಅದನ್ನೂ ಮನೆಯವರಿಗೆ ಮುಚ್ಚಿಡದೆ ಹೇಳಿ. ಚಿಕ್ಕ ಮಕ್ಕಳಿಗೆ ಇದು ಬೇಡ, ದೊಡ್ಡವರ ಆಟ ಅಂತಲೇ ಬಿಡುಗಡೆ ಮಾಡಿ.

ಊರಿನ ಮರ್ಯಾದೆಯ ಮಾತನ್ನು ಮಾತ್ರ ಹಗುರವಾಗಿ ತಳ್ಳಿಹಾಕಬೇಡಿ. ನಿಜವಾದ ಪಂಚಾಯ್ತಿಯ ಹೆಸರು, ಗುರುತು ಸಿಗುವ ಮನುಷ್ಯರ ಚಹರೆ ಇಡಬೇಡಿ. ನಮ್ಮಲ್ಲಿ ಯಾರಿಗೆ ನೀರು ಮೊದಲು, ಯಾರಿಗೆ ಕೊನೆಗೆ ಅನ್ನುವುದರಲ್ಲಿ ಜಾತಿ ಇದೆ. ಡೆಮೊದಲ್ಲಿ ಒಂದು ಕೇರಿಯನ್ನು ಊರಾಚೆ ಇಟ್ಟು, ಅಲ್ಲಿಗೆ ಟ್ಯಾಂಕರ್ ಕಡೆಯಲ್ಲಿ ಹೋಗುವಂತೆ ಮಾಡಿದ್ದೀರಿ. ಅದು ನಿಜ. ಆದರೆ ಅಲ್ಲಿಯ ಜನ ನಿಮ್ಮ ಆಟದಲ್ಲಿ ಕೊಡ ಹಿಡಿದು ನಿಲ್ಲುವುದಷ್ಟೇ ಮಾಡುತ್ತಾರೆ, ಅವರಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಅಂಥ ಕೇರಿಯಲ್ಲಿ ಬೆಳೆದ ಒಬ್ಬರನ್ನು ಬರವಣಿಗೆಗೆ ಜೊತೆ ಮಾಡಿಕೊಳ್ಳಿ, ಹೆಸರಿಗೆ ಅಲ್ಲ, ಪಾಲುದಾರರಾಗಿ. ಇದು ಆಗದಿದ್ದರೆ ಆ ಭಾಗವನ್ನು ಸದ್ಯಕ್ಕೆ ತೆಗೆದಿಡಿ.

ಕೊನೆಯದಾಗಿ, ಮುಂದಿನ ಸಲ ಆಡಿಸುವಾಗ ಹಾಸ್ಟೆಲ್ ಬಿಡಿ. ಗುಂಪಿನಲ್ಲಿ ಕೂತರೆ ಹುಡುಗರು ಒಬ್ಬರಿಗೊಬ್ಬರು ತೋರಿಸಲು ಆಡುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ, ಹಿಂದೆ ನಿಲ್ಲಬೇಡಿ, ಪರದೆಯನ್ನು ಮಾತ್ರ ರೆಕಾರ್ಡ್ ಮಾಡಿ. ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ, ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ, ನೀರಿಗೆ ಕಾದು ನಿಂತು ಗೊತ್ತಿರುವ ಹೆಣ್ಣುಮಕ್ಕಳಿಗೆ ಆಡಲು ಕೊಡಿ. ಆಟ ಮುಗಿದ ಮೇಲೆ "ಹೇಗಿತ್ತು" ಅಂತ ಕೇಳಬೇಡಿ. "ನಾಲ್ಕನೇ ದಿನ ವಾಲ್ವ್ ಬೇಗ ಮುಚ್ಚಿದಿರಲ್ಲ, ಯಾಕೆ?" ಅಂತ ಕೇಳಿ, ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ. "ದುಡ್ಡು ಜಾಸ್ತಿ ಬರುತ್ತೆ ಅಂತ" ಅಂದರೆ ಇನ್ನೂ ಕೆಲಸ ಇದೆ. "ಆ ಹುಡುಗನಿಗೆ ಸಂಬಳ ಕೊಡಬೇಕಿತ್ತಲ್ಲ, ಮೇಡಂ" ಅಂತಲೋ, "ಎಲ್ಲರೂ ಹಾಗೇ ಮಾಡ್ತಾರೆ" ಅಂತಲೋ ದನಿ ತಗ್ಗಿಸಿ ಹೇಳಿದರೆ ಆ ಬಾಗಿಲನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋಗಿ. ಹೊಸ ಡೆಮೊ ಆದಾಗ ಕಳಿಸಿ, ಆ ಉತ್ತರಗಳ ಪಟ್ಟಿಯನ್ನೂ ಜೊತೆಗಿಡಿ.